ಎರಡು ವಿಮಾನನಿಲ್ದಾಣಗಳ ನಡುವಣ ದೂರವೂ ಕಾಲವೂ



ನಮ್ಮ ಶಾಲೆಯಲ್ಲಿ ಅನೇಕ ವರುಷಗಳ ಕಾಲ ನಾನು ಹೇಳಿಕೊಟ್ಟ ಗಣಿತಪಾಠಗಳಲ್ಲಿ ಒಂದು ಸೂತ್ರವಾದರೂ ನಿಮಗೆ ಜ್ಞಾಪಕವಿರಬಹುದು. ದೂರವನ್ನು ವೇಗದಿಂದ ಭಾಗಿಸಿದರೆ ಕಾಲವು ದೊರೆಯುವುದು. ಹೊರಟ ಹೊತ್ತಿಗೆ ಆ ಕಾಲವನ್ನು ಕೂಡಿಸಿದರೆ ಮುಟ್ಟುವ ಹೊತ್ತು ತಿಳಿಯುವುದು. ರೈಲುಬಂಡಿಗಳ ಲೆಕ್ಕಗಳನ್ನು ಈ ಸೂತ್ರದಿಂದ ನೀವು ಬೋರ್ಡಿನ ಮೇಲೆ ಎಷ್ಟೋ ಸಾರಿ ಬಿಡಿಸಿದ್ದೀರಿ. ಸೂತ್ರವು ಸುಳ್ಳಲ್ಲ. ಆದರೂ ಅದನ್ನೇ ನಂಬಿದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು 2021ನೆಯ ಇಸವಿಯ ಚಳಿಗಾಲದಲ್ಲಿ ಬಹಳ ಸಂಕಟಪಟ್ಟಳು. ಆ ಸಂಗತಿಯನ್ನು ಆಕೆಯ ಅಪ್ಪಣೆ ಪಡೆದೇ ಇಲ್ಲಿ ಬರೆದಿದ್ದೇನೆ.

ಆಕೆಯ ಮಗಳು ಅಮೇರಿಕ ದೇಶದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ಓದುತ್ತಿದ್ದಳು. ಸಾನ್ ಫ್ರಾನ್ಸಿಸ್ಕೋ ನಗರದಿಂದ ಬೆಂಗಳೂರಿಗೆ ಎಲ್ಲಿಯೂ ಇಳಿಯದೆ ಬರುವ ವಿಮಾನವು ಆ ವರುಷದ ಜನವರಿಯಲ್ಲಿ ಹೊಸದಾಗಿ ಆರಂಭವಾಗಿತ್ತು. ಶನಿವಾರ ರಾತ್ರಿ ಎಂಟೂವರೆಗೆ ಹೊರಡುವುದೆಂದೂ ಪ್ರಯಾಣವು 17 ಗಂಟೆ 45 ನಿಮಿಷವೆಂದೂ ಮಗಳು ತಿಳಿಸಿದ್ದಳು. ತಾಯಿಯು ಕೂಡಿಸಿ ನೋಡಿದಳು. ಭಾನುವಾರ ಮಧ್ಯಾಹ್ನ ಎರಡೂಕಾಲು ಗಂಟೆಯೆಂದು ಬಂತು. ಬೆಳಗಿನ ಆರಾಧನೆಯನ್ನು ಮುಗಿಸಿಕೊಂಡು, ಕೋಳಿಸಾರು ಮಾಡಿಟ್ಟು, ಕೋಲಾರದಿಂದ ಬಾಡಿಗೆಯ ಕಾರಿನಲ್ಲಿ ಹೊರಟು ಆಕೆಯು ವಿಮಾನನಿಲ್ದಾಣದ ಬಾಗಿಲಲ್ಲಿ ನಿಂತಳು. ಎರಡೂಕಾಲಾಯಿತು, ನಾಲ್ಕಾಯಿತು, ಕತ್ತಲೆಯೂ ಆಯಿತು. ಮಗಳ ಫೋನಿಗೆ ಕರೆ ಹೋಗಲಿಲ್ಲ. ತಾಯಿಯ ಮನಸ್ಸಿನಲ್ಲಿ ಆ ಹೊತ್ತಿನಲ್ಲಿ ಏನೇನು ಬಂತೆಂಬುದನ್ನು ಮಕ್ಕಳನ್ನು ದೂರಕ್ಕೆ ಕಳುಹಿಸಿದವರಿಗೆ ನಾನು ವಿವರಿಸಬೇಕಾದದ್ದಿಲ್ಲ. ಕಡೆಗೆ ಅಲ್ಲಿಯ ಒಬ್ಬ ಕಾವಲುಗಾರನು ಟಿಕೆಟಿನ ನಕಲನ್ನು ನೋಡಿ, "ಅಮ್ಮಾ, ಇದು ಸೋಮವಾರ ಬೆಳಗಿನ ಜಾವ ಮೂರೂಮುಕ್ಕಾಲಿಗೆ ಬರುವುದು," ಎಂದನು.

ಕೆಲವು ದಿನಗಳ ತರುವಾಯ ಆಕೆಯು ನಮ್ಮ ಮನೆಗೆ ಬಂದು, "ಟೀಚರ್, ನೀವು ಕಲಿಸಿದ ಹಾಗೆಯೇ ಮಾಡಿದೆನಲ್ಲಾ, ನನ್ನ ಲೆಕ್ಕದಲ್ಲಿ ತಪ್ಪೆಲ್ಲಿ? ಆ ಭಾನುವಾರವೆಲ್ಲಾ ಎಲ್ಲಿ ಹೋಯಿತು?" ಎಂದು ಕೇಳಿದಳು. ಆಕೆಯ ಕೂಡುವಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಪಾಠವನ್ನು ನಾನೇ ಅರ್ಧದಲ್ಲಿ ನಿಲ್ಲಿಸಿದ್ದೆನು. ಉಳಿದರ್ಧವನ್ನು ಈಗ ಹೇಳುತ್ತೇನೆ.

ಮೊದಲು ಗಡಿಯಾರದ ವಿಷಯ. ಎರಡೂಕಾಲು ಗಂಟೆಯೆಂಬ ಉತ್ತರವು ಸರಿಯೇ. ಆದರೆ ಅದು ಸಾನ್ ಫ್ರಾನ್ಸಿಸ್ಕೋವಿನ ಗಡಿಯಾರದ ಎರಡೂಕಾಲು. ಭೂಮಿಯು 24 ಗಂಟೆಗಳಲ್ಲಿ 360 ಡಿಗ್ರಿ ಸುತ್ತುವುದರಿಂದ 15 ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆಯ ವ್ಯತ್ಯಾಸವೆಂದು ಭೂಗೋಳಪಾಠದಲ್ಲಿ ಓದಿದ್ದೀರಿ. ನಮ್ಮ ದೇಶದ ಹೊತ್ತು 82½ ಡಿಗ್ರಿ ಪೂರ್ವರೇಖಾಂಶದ್ದು. ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದೆ. ಕ್ಯಾಲಿಫೋರ್ನಿಯದ ಚಳಿಗಾಲದ ಹೊತ್ತು 120 ಡಿಗ್ರಿ ಪಶ್ಚಿಮರೇಖಾಂಶದ್ದು. ಎಂಟು ಗಂಟೆ ಹಿಂದೆ. ಒಟ್ಟು ಅಂತರ ಹದಿಮೂರೂವರೆ ಗಂಟೆ. ಬೇಸಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಅದು ಹನ್ನೆರಡೂವರೆಯಾಗುತ್ತದೆ. ಅಲ್ಲಿ ಶನಿವಾರ ರಾತ್ರಿ ಎಂಟೂವರೆಗೆ ಮಗಳು ವಿಮಾನವನ್ನು ಹತ್ತಿದಾಗ ಕೋಲಾರದಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ತಾಯಿಯು ಆರಾಧನೆಯಲ್ಲಿ ಕುಳಿತಿದ್ದಾಗ ಮಗಳ ಪ್ರಯಾಣವು ಇನ್ನೂ ಆಗತಾನೇ ಆರಂಭವಾಗುತ್ತಿತ್ತು. ಹತ್ತಕ್ಕೆ 17 ಗಂಟೆ 45 ನಿಮಿಷವನ್ನು ಕೂಡಿಸಿ ನೋಡಿರಿ. ಸೋಮವಾರ ಮೂರೂಮುಕ್ಕಾಲೇ ಬರುವುದು. ಆದುದರಿಂದ ಮೊದಲನೆಯ ನಿಯಮವಿದು: ಹೊರಡುವ ಹೊತ್ತನ್ನು ಮೊದಲು ನಮ್ಮ ಗಡಿಯಾರಕ್ಕೆ ತಿರುಗಿಸಿಕೊಂಡು, ತರುವಾಯವೇ ಪ್ರಯಾಣದ ಗಂಟೆಗಳನ್ನು ಕೂಡಿಸತಕ್ಕದ್ದು.

ಇಷ್ಟಕ್ಕೇ ಆಕೆಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಯಾಕಂದರೆ 17 ಗಂಟೆ 45 ನಿಮಿಷವೆಂಬ ಆ ಅಂಕೆಯು ಎಲ್ಲಿಂದ ಹುಟ್ಟಿತೆಂಬುದನ್ನು ತಿಳಿಯಬೇಕೆಂಬ ಆಸೆಯು ನನ್ನಲ್ಲಿ ಉಂಟಾಯಿತು.

ಎರಡು ಊರುಗಳ ನಡುವೆ ರಸ್ತೆಯಿದ್ದರೆ ಮೈಲಿಗಲ್ಲುಗಳಿರುತ್ತವೆ. ಕಂಬಿಯಿದ್ದರೆ ಅದರ ಉದ್ದವನ್ನು ಅಳೆದಿಟ್ಟಿರುತ್ತಾರೆ. ಆಕಾಶದಲ್ಲಿ ಕಲ್ಲೂ ಇಲ್ಲ, ಕಂಬಿಯೂ ಇಲ್ಲ. ಅಲ್ಲಿ ದೂರವೆಂದರೇನು? ಇದನ್ನು ತಿಳಿಯಲು ಮನೆಯಲ್ಲಿ ಗೋಳವಿರುವವರು ಒಂದು ದಾರವನ್ನು ತೆಗೆದುಕೊಳ್ಳಿರಿ. ಒಂದು ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದನ್ನು ಸಾನ್ ಫ್ರಾನ್ಸಿಸ್ಕೋವಿನ ಮೇಲೂ ಒತ್ತಿಹಿಡಿದು ಬಿಗಿಯಾಗಿ ಎಳೆಯಿರಿ. ಶಾಂತಸಾಗರದ ನಡುವೆ ಹೋಗುವುದೆಂದು ನೀವು ಎಣಿಸಿದ ದಾರವು ಸರಕ್ಕನೆ ಮೇಲಕ್ಕೆ ಜಾರಿ, ಟಿಬೆಟ್ಟು, ಮಂಗೋಲಿಯದ ಪಶ್ಚಿಮಭಾಗ, ಸೈಬೀರಿಯಗಳನ್ನು ಹಾಯ್ದು, 71 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಹಿಮಸಾಗರವನ್ನು ಮುಟ್ಟಿ, ಅಲಾಸ್ಕದ ಮೇಲೆ ಇಳಿದು ಬರುವುದು. ಮೊದಲ ಸಲ ನೋಡುವ ಹುಡುಗಿಯರು ದಾರವು ಜಾರಿತೆಂದು ಹಿಂದಕ್ಕೆಳೆಯುತ್ತಾರೆ. ಅದು ಜಾರಿದ್ದಲ್ಲ, ಗೋಳದ ಮೇಲೆ ಅತಿ ಹತ್ತಿರದ ದಾರಿಯೇ ಅದು. ಇದನ್ನು ಮಹಾವೃತ್ತವೆನ್ನುತ್ತಾರೆ, ಗೋಳವನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತವೆಂದು ಅರ್ಥ.

ಲೆಕ್ಕದಿಂದಲೂ ಇದನ್ನು ಕಾಣಬಹುದು. ಬೆಂಗಳೂರಿನ ಕೆಂಪೇಗೌಡ ವಿಮಾನನಿಲ್ದಾಣವು 13 ಡಿಗ್ರಿ 12 ಮಿನಿಟು ಉತ್ತರ ಅಕ್ಷಾಂಶ, 77 ಡಿಗ್ರಿ 42 ಮಿನಿಟು ಪೂರ್ವ ರೇಖಾಂಶದಲ್ಲಿದೆ. ಸಾನ್ ಫ್ರಾನ್ಸಿಸ್ಕೋವಿನದು 37 ಡಿಗ್ರಿ 37 ಮಿನಿಟು ಉತ್ತರ, 122 ಡಿಗ್ರಿ 22 ಮಿನಿಟು ಪಶ್ಚಿಮ. ರೇಖಾಂಶಗಳ ಅಂತರವು ಹತ್ತಿರದ ಕಡೆಯಿಂದ ಸುಮಾರು 160 ಡಿಗ್ರಿ. ಎರಡು ಅಕ್ಷಾಂಶಗಳ ಸೈನುಗಳನ್ನು ಒಂದಕ್ಕೊಂದು ಗುಣಿಸಿರಿ. ಅವುಗಳ ಕೊಸೈನುಗಳನ್ನೂ ರೇಖಾಂಶದ ಅಂತರದ ಕೊಸೈನನ್ನೂ ಬೇರೆಯಾಗಿ ಗುಣಿಸಿರಿ. ಎರಡು ಲಬ್ಧಗಳನ್ನೂ ಕೂಡಿಸಿದರೆ, ಭೂಮಿಯ ಕೇಂದ್ರದಲ್ಲಿ ಆ ಎರಡು ಊರುಗಳು ಮಾಡುವ ಕೋನದ ಕೊಸೈನು ಬರುವುದು. ಇಲ್ಲಿ ಅದು ಋಣ 0.585, ಕೋನವು 125.8 ಡಿಗ್ರಿ. ಒಂದು ಡಿಗ್ರಿಗೆ 60 ಮಿನಿಟು. ಒಂದು ಮಿನಿಟಿನ ಕಂಸಕ್ಕೆ ಒಂದು ನಾಟಿಕಲ್ ಮೈಲಿ, ಎಂದರೆ 1,852 ಮೀಟರು. ಹಾಗಾದರೆ 7,548 ನಾಟಿಕಲ್ ಮೈಲಿ, ಸುಮಾರು 14,000 ಕಿಲೋಮೀಟರು. ಭೂಮಿಯು ಧ್ರುವಗಳ ಕಡೆ ಸ್ವಲ್ಪ ಚಪ್ಪಟೆಯಾಗಿರುವುದರಿಂದ ಕೆಲವು ಕಿಲೋಮೀಟರುಗಳ ವ್ಯತ್ಯಾಸವುಂಟು, ಅದನ್ನು ಬಿಟ್ಟುಬಿಡೋಣ.

ಗೋಡೆಯ ಮೇಲಣ ನಕಾಶೆಯು ಬೇರೆಯದನ್ನೇ ಹೇಳುತ್ತದೆ. 1569ರಲ್ಲಿ ಮರ್ಕೇಟರ್ ಎಂಬಾತನು ಬರೆದ ಕ್ರಮದ ನಕಾಶೆಯ ಮೇಲೆ, ಶಾಂತಸಾಗರವನ್ನು ನಡುವಿಟ್ಟುಕೊಂಡು, ಈ ಎರಡು ಊರುಗಳಿಗೆ ಅಳತೆಕೋಲಿನಿಂದ ನೇರಗೆರೆ ಎಳೆದು ಆ ದಾರಿಯಲ್ಲೇ ಹೋದರೆ 16,100 ಕಿಲೋಮೀಟರು ಹೋಗಬೇಕಾಗುವುದು. ನಕಾಶೆಯು ನಾವಿಕರಿಗಾಗಿ ಹುಟ್ಟಿದ್ದು. ದಿಕ್ಸೂಚಿಯ ಒಂದೇ ಕೋನವನ್ನು ಹಿಡಿದು ಹೋಗುವವರಿಗೆ ಅದು ಉತ್ತಮ. ಆದರೆ ಅಲ್ಲಿ ನೇರವಾಗಿರುವುದು ಗೋಳದ ಮೇಲೆ ಡೊಂಕು, ಗೋಳದ ಮೇಲೆ ನೇರವಾಗಿರುವುದು ಅಲ್ಲಿ ಡೊಂಕು. ನಮ್ಮ ಶಾಲೆಗಳಲ್ಲಿ ಗೋಳವನ್ನು ಬೀರುವಿನ ಮೇಲಿಟ್ಟು, ಧೂಳು ಹಿಡಿಯಲು ಬಿಟ್ಟು, ನಕಾಶೆಯಿಂದಲೇ ಪಾಠ ಹೇಳುವ ಪದ್ಧತಿಯು ಈಗಲಾದರೂ ಹೋಗಬೇಕೆಂದು ನನ್ನ ಅಭಿಪ್ರಾಯ.

ದಾರವು ತೋರಿಸುವ ದಾರಿಯಲ್ಲಿ ವಿಮಾನವು ಹೋಗುವುದೋ ಎಂದರೆ, ಹಾಗೆಯೂ ಇಲ್ಲ. ದಾರವು ಟಿಬೆಟ್ಟಿನ ಮೇಲೆ ಹಾಯುತ್ತದಷ್ಟೆ. ಆ ಪ್ರಸ್ಥಭೂಮಿಯು ಸರಾಸರಿ 4,500 ಮೀಟರಿಗಿಂತ ಎತ್ತರ. ವಿಮಾನದೊಳಗಣ ಗಾಳಿಯ ಒತ್ತಡವು ಆಕಸ್ಮಾತ್ತಾಗಿ ಇಳಿದುಹೋದರೆ, ಪ್ರಯಾಣಿಕರು ಸಹಜವಾಗಿ ಉಸಿರಾಡುವಂತೆ ಚಾಲಕರು ಸುಮಾರು 3,000 ಮೀಟರಿಗೆ ಬೇಗನೆ ಇಳಿಸಬೇಕು. ನೆಲವೇ ಅದಕ್ಕಿಂತ ಎತ್ತರವಾಗಿದ್ದರೆ ಇಳಿಯುವುದೆಲ್ಲಿಗೆ? ಆದಕಾರಣ ಸಾಮಾನ್ಯವಾಗಿ ಆ ಸೀಮೆಯನ್ನು ಬಳಸಿಕೊಂಡು ಹೋಗುತ್ತಾರೆ. ಎರಡೇ ಯಂತ್ರಗಳುಳ್ಳ ವಿಮಾನಕ್ಕೆ ಇನ್ನೊಂದು ಕಟ್ಟಳೆಯುಂಟು: ಒಂದು ಯಂತ್ರವು ನಿಂತರೂ, ಮತ್ತೊಂದರಿಂದಲೇ ಗೊತ್ತಾದ ಇಷ್ಟು ನಿಮಿಷಗಳೊಳಗೆ ಯಾವುದಾದರೊಂದು ನಿಲ್ದಾಣವನ್ನು ಮುಟ್ಟುವಂತೆ ದಾರಿಯು ಇರಬೇಕು. ಸಾಗರವನ್ನೂ ಹಿಮವನ್ನೂ ದಾಟುವ ದಾರಿಗಳು ಈ ನಿಯಮದಿಂದ ಬಾಗುತ್ತವೆ.

ಇವೆರಡೂ ಸೃಷ್ಟಿಯ ಮತ್ತು ಯಂತ್ರದ ತೊಡಕುಗಳು. ಮನುಷ್ಯರು ಹಾಕುವ ತೊಡಕು ಬೇರೆ. ಪ್ರತಿ ದೇಶವೂ ತನ್ನ ನೆಲದ ಮೇಲಣ ಆಕಾಶಕ್ಕೆ ಒಡೆಯನು. 2022ರ ಫೆಬ್ರವರಿಯಲ್ಲಿ ಯುಕ್ರೇನಿನ ಯುದ್ಧವು ಹೆಚ್ಚಿದಾಗ ರಷ್ಯವೂ ಯೂರೋಪಿನ ದೇಶಗಳೂ ಒಬ್ಬರ ವಿಮಾನಗಳಿಗೆ ಮತ್ತೊಬ್ಬರು ಆಕಾಶವನ್ನು ಮುಚ್ಚಿದರು. ಅದಕ್ಕೆ ಮುಂಚೆ ಫಿನ್ಲೆಂಡಿನ ಹೆಲ್ಸಿಂಕಿಯಿಂದ ಸೈಬೀರಿಯದ ಮೇಲೆ ಹಾಯ್ದು ಜಪಾನಿನ ಟೋಕಿಯೋವಿಗೆ ಸುಮಾರು ಒಂಬತ್ತೂವರೆ ಗಂಟೆಯಲ್ಲಿ ಮುಟ್ಟುತ್ತಿದ್ದ ವಿಮಾನವು, ಬಳಸುದಾರಿ ಹಿಡಿದು ಸುಮಾರು ಹದಿಮೂರು ಗಂಟೆ ಹಾರಬೇಕಾಯಿತು. ಹೆಲ್ಸಿಂಕಿಯೂ ಟೋಕಿಯೋವೂ ಒಂದು ಅಂಗುಲವಾದರೂ ಕದಲಿರಲಿಲ್ಲ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ, ದೆಹಲಿಯಿಂದ ಪಶ್ಚಿಮದೇಶಗಳಿಗೆ ಹೋಗುತ್ತಿದ್ದವರಿಗೂ ಇದೇ ಅನುಭವವಾಯಿತು.

ಈಗ ಆ ಮಗಳು ಬಂದ ದಾರಿಗೆ ತಿರುಗೋಣ. ಅದರ ಮೊದಲನೆಯ ವಿಮಾನವು 2021ನೆಯ ಜನವರಿ 9, ಶನಿವಾರ ರಾತ್ರಿ ಸಾನ್ ಫ್ರಾನ್ಸಿಸ್ಕೋವಿನಿಂದ ಹೊರಟು ಉತ್ತರಧ್ರುವದ ಮೇಲಣ ದಾರಿಯನ್ನು ಹಿಡಿಯಿತು. ಏರ್ ಇಂಡಿಯದ ಬೋಯಿಂಗ್ 777 ಜಾತಿಯ ಆ ವಿಮಾನವನ್ನು ನಡೆಸಿದವರು ನಾಲ್ವರೂ ಸ್ತ್ರೀಯರು: ಕ್ಯಾಪ್ಟನ್ ಝೋಯಾ ಅಗರ್ವಾಲ್, ಅವರೊಂದಿಗೆ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಇಷ್ಟು ದೀರ್ಘವಾದ ಹಾರಾಟವನ್ನು ಒಬ್ಬಿಬ್ಬರು ನಡೆಸಲಾರರು. ಸರದಿಯ ಮೇಲೆ ಮಲಗಿ ಎದ್ದು ನಡೆಸುತ್ತಾರೆ.

ಧ್ರುವದ ಮೇಲೆ ಹೋಗುವುದು ಸುತ್ತುದಾರಿಯಲ್ಲವೇ ಎಂದು ಕೇಳಬಹುದು. ಈ ಲೆಕ್ಕಕ್ಕೆ ಸೈನೂ ಬೇಡ, ಕೊಸೈನೂ ಬೇಡ. ಕಳೆಯುವುದು ಬಂದರೆ ಸಾಕು. ಸಾನ್ ಫ್ರಾನ್ಸಿಸ್ಕೋವಿನಿಂದ ಧ್ರುವಕ್ಕೆ 90ರಲ್ಲಿ 37 ಡಿಗ್ರಿ 37 ಮಿನಿಟನ್ನು ಕಳೆದರೆ 52 ಡಿಗ್ರಿ 23 ಮಿನಿಟು. ಧ್ರುವದಿಂದ ಬೆಂಗಳೂರಿಗೆ 90ರಲ್ಲಿ 13 ಡಿಗ್ರಿ 12 ಮಿನಿಟನ್ನು ಕಳೆದರೆ 76 ಡಿಗ್ರಿ 48 ಮಿನಿಟು. ಒಟ್ಟು 129 ಡಿಗ್ರಿ 11 ಮಿನಿಟು. 7,751 ನಾಟಿಕಲ್ ಮೈಲಿ. ದಾರದ ದಾರಿಗಿಂತ 203 ಮೈಲಿ, ಅಂದರೆ ಸುಮಾರು 375 ಕಿಲೋಮೀಟರು ಮಾತ್ರ ಹೆಚ್ಚು. ಇಷ್ಟು ಅಲ್ಪ ಬೆಲೆಯನ್ನು ಕೊಟ್ಟು ಅವರು ಕೊಂಡುಕೊಂಡದ್ದು ಗಾಳಿಯಿಂದ ಬಿಡುಗಡೆ. ಅದನ್ನು ಮುಂದೆ ಹೇಳುತ್ತೇನೆ. ಧ್ರುವದ ಬಳಿಯ ತೊಂದರೆಗಳೂ ಸಣ್ಣವಲ್ಲ. ಭೂಮಿಯ ಅಯಸ್ಕಾಂತ ಧ್ರುವವು ಭೂಗೋಳದ ಧ್ರುವದ ಸ್ಥಳದಲ್ಲಿಲ್ಲದ ಕಾರಣ ಅಲ್ಲಿ ಅಯಸ್ಕಾಂತದ ದಿಕ್ಸೂಚಿಯನ್ನು ನಂಬಲಾಗದು. ಸಾಮಾನ್ಯವಾಗಿ ಉಪಯೋಗಿಸುವ ಜೆಟ್ ಎ-1 ಎಂಬ ಇಂಧನವು 47 ಡಿಗ್ರಿ ಶೀತದಲ್ಲಿ, ಅಮೇರಿಕದಲ್ಲಿ ತುಂಬುವ ಜೆಟ್ ಎ ಎಂಬುದು 40 ಡಿಗ್ರಿ ಶೀತದಲ್ಲಿಯೇ, ಗಟ್ಟಿಯಾಗಲು ತೊಡಗಬಹುದು. ಆದುದರಿಂದ ತೊಟ್ಟಿಯ ಉಷ್ಣಮಾನವನ್ನು ನೋಡುತ್ತಲೇ ಇರಬೇಕು. ಅದು ಇಳಿಯುತ್ತಾ ಬಂದರೆ ಕೆಳಗಿನ ಬೆಚ್ಚಗಿನ ಗಾಳಿಗೆ ಇಳಿಯಬೇಕು ಅಥವಾ ವೇಗವನ್ನು ಹೆಚ್ಚಿಸಬೇಕು.

ಅವರು ಹಾರಿದ ದಾರಿಯು ಸುಮಾರು 16,000 ಕಿಲೋಮೀಟರೆಂದು ಆಗ ಪತ್ರಿಕೆಗಳಲ್ಲಿ ಬಂತು. ಲೆಕ್ಕದ ದೂರಕ್ಕೂ ಹಾರಿದ ದೂರಕ್ಕೂ ಈ ಪ್ರಕಾರ ಅಂತರವಿರುವುದು. ವಿಮಾನವು ಸೋಮವಾರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು.

ನಮ್ಮ ಹಳೆಯ ವಿದ್ಯಾರ್ಥಿನಿಯು ಕೇಳಿದ ಎರಡನೆಯ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ. ಭಾನುವಾರವು ಎಲ್ಲಿಯೂ ಹೋಗಲಿಲ್ಲ. ನಮ್ಮ ಗಡಿಯಾರದ ಪ್ರಕಾರ ಬೆಳಿಗ್ಗೆ ಹತ್ತರಿಂದ ಮಧ್ಯರಾತ್ರಿಯ ವರೆಗಣ ಹದಿನಾಲ್ಕು ಗಂಟೆಗಳೂ ವಿಮಾನದೊಳಗೆ ಕಳೆದವು. ಆದರೆ ಆ ದಿನದ ಒಂದು ವಿಶೇಷವನ್ನು ಯೋಚಿಸಿರಿ. ಸಾನ್ ಫ್ರಾನ್ಸಿಸ್ಕೋವಿನಲ್ಲಿ ಹೊರಟಾಗ ರಾತ್ರಿ. ಚಳಿಗಾಲದಲ್ಲಿ ಧ್ರುವಪ್ರದೇಶದಲ್ಲಿ ಸೂರ್ಯನು ತಿಂಗಳುಗಟ್ಟಲೆ ಹುಟ್ಟುವುದಿಲ್ಲ, ಅಲ್ಲಿಯೂ ರಾತ್ರಿ. ಧ್ರುವವನ್ನು ದಾಟಿ ಸೈಬೀರಿಯಕ್ಕೆ ಇಳಿಯುವ ಹೊತ್ತಿಗೆ ಅಲ್ಲಿ ಸಂಜೆ ಕಳೆದು ಕತ್ತಲೆಯಾಗಿತ್ತು. ಬೆಂಗಳೂರಿನಲ್ಲಿ ಬೆಳಗಿನ ಜಾವ. ಲೆಕ್ಕದ ಪ್ರಕಾರ ಆ ಪ್ರಯಾಣಿಕರು ಹದಿನೇಳು ಗಂಟೆಗಳಿಗೂ ಮೇಲ್ಪಟ್ಟು ಸೂರ್ಯನ ಮುಖವನ್ನೇ ಕಾಣದೆ ಒಂದೇ ರಾತ್ರಿಯೊಳಗಿಂದ ಬಂದರು. ಭಾನುವಾರವೆಂಬ ಹೆಸರಿದ್ದರೂ ಅವರ ಪಾಲಿಗೆ ಅದರಲ್ಲಿ ಭಾನುವೇ ಇರಲಿಲ್ಲ.

ದೂರದ ಮಾತು ಇಷ್ಟಾಯಿತು. ಇನ್ನು ವೇಗ. ಈ ಜಾತಿಯ ವಿಮಾನವು ಮೇಲೆ ಗಂಟೆಗೆ ಸುಮಾರು 900 ಕಿಲೋಮೀಟರು ಹೋಗುತ್ತದೆ. 16,000ವನ್ನು 900ರಿಂದ ಭಾಗಿಸಿದರೆ 17 ಗಂಟೆ 47 ನಿಮಿಷ. ಉತ್ತರವು ಟಿಕೆಟಿನ ಅಂಕೆಗೆ ಹೊಂದಿತೆಂದು ನಾನು ಮೊದಲು ಬಹಳ ಸಂತೋಷಪಟ್ಟೆನು. ಆದರೆ ಅದು ಅದೃಷ್ಟದ ಹೊಂದಿಕೆಯೇ ಹೊರತು ಬೇರೆಯಲ್ಲ. ಹೇಗಂದರೆ, ಇದೇ ಸೂತ್ರವನ್ನು ಬೆಂಗಳೂರು-ಮಂಗಳೂರಿಗೆ ಹಾಕಿ ನೋಡಿರಿ. ಆ ಎರಡು ನಿಲ್ದಾಣಗಳ ನಡುವೆ ಆಕಾಶದಲ್ಲಿ ಸುಮಾರು 306 ಕಿಲೋಮೀಟರು. ಸೂತ್ರದಂತೆ ಇಪ್ಪತ್ತು ನಿಮಿಷ ಸಾಕು. ವೇಳಾಪಟ್ಟಿಯಲ್ಲಾದರೋ ಸುಮಾರು ಒಂದು ಗಂಟೆ ಇರುತ್ತದೆ! ಯಾಕಂದರೆ ವೇಳಾಪಟ್ಟಿಯ ಕಾಲವು ಹಾರುವ ಕಾಲ ಮಾತ್ರವಲ್ಲ. ವಿಮಾನವು ನಿಂತ ಜಾಗವನ್ನು ಬಿಟ್ಟು ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ತನ್ನ ಜಾಗಕ್ಕೆ ಬಂದು ನಿಂತ ಕ್ಷಣದ ವರೆಗೆ ಅದನ್ನು ಎಣಿಸುತ್ತಾರೆ. ನೆಲದ ಮೇಲೆ ತೆವಳುವುದು, ಸರದಿಗೆ ಕಾಯುವುದು, ಮೆಲ್ಲಗೆ ಏರುವುದು, ಇಳಿಯುವ ಮುಂಚೆ ವೇಗವನ್ನು ತಗ್ಗಿಸಿ ಸುತ್ತಿ ಬರುವುದು, ಇವೆಲ್ಲಾ ಸೇರಿವೆ. ಹತ್ತಿರದ ಊರಿಗೆ ಇವೇ ಮುಖ್ಯ. ದೂರದ ಊರಿಗೆ ಇವು ಅಲ್ಪ, ಅಲ್ಲಿ ಗಾಳಿಯೇ ಮುಖ್ಯ.

ಹೊಳೆಯಲ್ಲಿ ದೋಣಿಯನ್ನು ಹುಟ್ಟುಹಾಕುವವನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅವನ ತೋಳಿನ ಬಲವು ಒಂದೇ ಆದರೂ ಸೆಳವಿನೊಡನೆ ಹೋಗುವಾಗ ದಡವು ಬೇಗನೆ ಹಿಂದಕ್ಕೆ ಸರಿಯುವುದು, ಎದುರಾಗಿ ಹೋಗುವಾಗ ನಿಧಾನವಾಗಿ. ವಿಮಾನದ 900 ಕಿಲೋಮೀಟರು ಗಾಳಿಯೊಳಗಣ ವೇಗ; ಆ ಗಾಳಿಯೇ ಹೊಳೆಯಂತೆ ಹರಿಯುತ್ತದೆ. ನೆಲದಿಂದ ಸುಮಾರು ಹತ್ತು ಕಿಲೋಮೀಟರು ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ, ಚಳಿಗಾಲದಲ್ಲಿ ಕೆಲವು ಸಲ ಗಂಟೆಗೆ 300 ಕಿಲೋಮೀಟರಿಗಿಂತಲೂ ವೇಗವಾಗಿ ಹರಿಯುವ ಇಕ್ಕಟ್ಟಾದ ಗಾಳಿಹೊಳೆಗಳುಂಟು. 1920ರ ದಶಕದಲ್ಲಿ ಜಪಾನಿನ ವಾಸಾಬುರೋ ಓಇಶಿ ಎಂಬ ಹವಾಶಾಸ್ತ್ರಜ್ಞನು ಬುಗ್ಗೆಗಳನ್ನು ಹಾರಿಬಿಟ್ಟು ಇದನ್ನು ಅಳೆದನು. ಲೋಕಕ್ಕೆಲ್ಲಾ ತಿಳಿಯಲೆಂದು ತನ್ನ ವರದಿಯನ್ನು ಎಸ್ಪೆರಾಂಟೋ ಎಂಬ ಕೃತಕಭಾಷೆಯಲ್ಲಿ ಬರೆದನು. ಅದರಿಂದಲೇ ಹೆಚ್ಚು ಜನರು ಅದನ್ನು ಓದಲಿಲ್ಲ.

ಹೋಗುವಾಗ ಗಾಳಿಯು ತಳ್ಳಿದರೆ ಬರುವಾಗ ತಡೆಯುವುದು, ಎರಡೂ ಸರಿಹೋಗುವುದೆಂದು ನನ್ನ ತರಗತಿಯಲ್ಲಿ ಪ್ರತಿ ವರುಷವೂ ಯಾರಾದರೊಬ್ಬಳು ಹೇಳುತ್ತಿದ್ದಳು. ಲೆಕ್ಕ ಮಾಡೋಣ. ದೂರ 9,000 ಕಿಲೋಮೀಟರು, ವೇಗ 900, ಗಾಳಿ 100. ಗಾಳಿಯಿಲ್ಲದಿದ್ದರೆ ಹೋಗಲು ಹತ್ತು, ಬರಲು ಹತ್ತು, ಒಟ್ಟು 20 ಗಂಟೆ. ಗಾಳಿಯಿದ್ದರೆ ಹೋಗಲು 1,000ದಿಂದ ಭಾಗಿಸಿ 9 ಗಂಟೆ. ಬರಲು 800ರಿಂದ ಭಾಗಿಸಿ 11 ಗಂಟೆ 15 ನಿಮಿಷ. ಒಟ್ಟು 20 ಗಂಟೆ 15 ನಿಮಿಷ. ಸರಿಹೋಗಲಿಲ್ಲ. ತಡೆಯುವ ಗಾಳಿಯೊಳಗೆ ಹೆಚ್ಚು ಹೊತ್ತು ಇರಬೇಕಾಗುವುದರಿಂದ ಅದು ತಳ್ಳುವ ಗಾಳಿಗಿಂತ ಯಾವಾಗಲೂ ಹೆಚ್ಚಾಗಿಯೇ ಕಸಿದುಕೊಳ್ಳುವುದು.

ಈಗ ಧ್ರುವದ ದಾರಿಯ ಗುಟ್ಟು ತಿಳಿಯುವುದು. ಸಾನ್ ಫ್ರಾನ್ಸಿಸ್ಕೋವಿನಿಂದ ಪಶ್ಚಿಮಕ್ಕೆ ಶಾಂತಸಾಗರದ ಮೇಲೆ ಬಂದರೆ ಆ ಗಾಳಿಹೊಳೆಗೆ ಎದುರಾಗಿ ಬರಬೇಕು. ಮೇಲಕ್ಕೆ ಹೋಗಿ ಇಳಿದರೆ ಅದನ್ನು ಬಹುಮಟ್ಟಿಗೆ ತಪ್ಪಿಸಿಕೊಳ್ಳಬಹುದು. ಬೆಂಗಳೂರಿನಿಂದ ಹಿಂದಿರುಗುವಾಗಲಾದರೋ ಪೂರ್ವಕ್ಕೆ ಹೋಗಿ ಶಾಂತಸಾಗರದ ಗಾಳಿಯ ಬೆನ್ನೇರುವುದೇ ಲಾಭ. ದಾರಿ ಉದ್ದವಾದರೂ ಕಾಲ ಕಡಮೆ. ಆ ಚಳಿಗಾಲದ ವೇಳಾಪಟ್ಟಿಯಲ್ಲಿ ಬರುವುದಕ್ಕೆ 17 ಗಂಟೆ 45 ನಿಮಿಷವೂ ಹೋಗುವುದಕ್ಕೆ 16 ಗಂಟೆಯೂ ಇದ್ದುದಕ್ಕೆ ಇದೇ ಕಾರಣ. ಗಾಳಿಯು ದಿನಕ್ಕೊಂದು ಬಗೆಯಾಗಿರುವುದರಿಂದ ದಾರಿಯನ್ನು ಅಂದಂದಿನ ವರದಿಯನ್ನು ನೋಡಿ ಗೊತ್ತುಮಾಡುತ್ತಾರೆ. ಇಂಧನವನ್ನೂ ಅದರಂತೆ ತುಂಬುತ್ತಾರೆ. ತೊಟ್ಟಿಯಲ್ಲಿ 1,81,000 ಲೀಟರು ಹಿಡಿಯುವುದಾದರೂ ಸುಮ್ಮನೆ ಪೂರ್ತಿ ತುಂಬುವಂತಿಲ್ಲ; ಇಂಧನವನ್ನು ಹೊರುವುದಕ್ಕೂ ಇಂಧನವೇ ಬೇಕು. ದಾರಿಗೆ ಬೇಕಾದುದಲ್ಲದೆ, ಇಳಿಯಲಾಗದಿದ್ದರೆ ಇನ್ನೊಂದು ನಿಲ್ದಾಣಕ್ಕೆ ಹೋಗುವಷ್ಟು, ಅದರ ಮೇಲೆ ಅರ್ಧ ಗಂಟೆ ಆಕಾಶದಲ್ಲೇ ಸುತ್ತುವಷ್ಟು ಉಳಿದಿರಬೇಕೆಂಬುದು ಕಟ್ಟಳೆ.

ಇದನ್ನೆಲ್ಲಾ ಆಕೆಗೆ ಗೋಳವನ್ನೂ ದಾರವನ್ನೂ ಇಟ್ಟುಕೊಂಡು ಎರಡು ದಿನ ಹೇಳಿದೆನು. ಕೆಲವು ವಾರಗಳ ತರುವಾಯ ಮಗಳು ಹಿಂದಿರುಗಿದಳು. ಸೋಮವಾರ ಮಧ್ಯಾಹ್ನ ಎರಡೂವರೆಗೆ ಬೆಂಗಳೂರನ್ನು ಬಿಟ್ಟು ಅದೇ ಸೋಮವಾರ ಸಂಜೆ ಐದಕ್ಕೆ ಸಾನ್ ಫ್ರಾನ್ಸಿಸ್ಕೋವನ್ನು ಮುಟ್ಟುವುದೆಂದು ಟಿಕೆಟಿನಲ್ಲಿ ಇತ್ತು. ನೆರೆಮನೆಯವರು ನೋಡಿ, "ಎರಡೂವರೆ ಗಂಟೆಯಲ್ಲಿ ಅಮೇರಿಕವೇ!" ಎಂದು ಬೆರಗಾದರಂತೆ. ತಾಯಿಯು ಮಾತಾಡದೆ ಗೋಡೆಯ ಕ್ಯಾಲೆಂಡರಿನಲ್ಲಿ ಮಂಗಳವಾರದ ಕೆಳಗೆ "ಬೆಳಿಗ್ಗೆ ಆರೂವರೆ" ಎಂದು ಪೆನ್ಸಿಲಿನಲ್ಲಿ ಬರೆದಿಟ್ಟು ಮಲಗಿದಳು. ಮಂಗಳವಾರ ಬೆಳಿಗ್ಗೆ ಆರಕ್ಕೆ ಇನ್ನೂ ಐದು ನಿಮಿಷವಿರುವಾಗಲೇ ಮಗಳು ಇಳಿದೆನೆಂದು ಫೋನು ಮಾಡಿದಳು. ಆರೂಕಾಲಿಗೆ ತಾಯಿಯು ನನಗೆ ಫೋನು ಮಾಡಿ, "ಟೀಚರ್, ಈ ಸಲ ಗಾಳಿ ಚೆನ್ನಾಗಿ ತಳ್ಳಿದೆ," ಎಂದಳು.